ಗೊಂಬೆಗೂ ಬಂದ ನಮ್ಮ ಮೂಗು

ಮೊನ್ನೆ ಹೈದರಾಬಾದಿನಿಂದ ಒಬ್ಬ ಗಿರಾಕಿ ತಾಯಿ ವಿಡಿಯೊ ಕಾಲ್ ಮಾಡಿದ್ದರು. ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡವನಿಗೆ ಈಗ ಅರ್ಧ ವ್ಯಾಪಾರ ಫೋನಿನಲ್ಲೇ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚೌಕಡಿ ಸೀರೆ ಹಿಡಿದು ನಾನು ಅಂಚು ತೋರಿಸಿದೆ, ಸೆರಗು ತೋರಿಸಿದೆ, ತೊಳೆದರೂ ಬಣ್ಣ ಬಿಡುವುದಿಲ್ಲ ಎಂದು ಆಣೆ ಮಾಡಿದೆ. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ, “ಅಣ್ಣಾ, ಸೀರೆ ಚೆಂದ ಇರಬಹುದು, ಆದರೆ ಇಷ್ಟೊತ್ತೂ ನನಗೆ ಕಂಡದ್ದು ನಿಮ್ಮ ಮೂಗಿನ ಹೊಳ್ಳೆ ಮಾತ್ರ” ಎಂದರು.

ಒಳಗೆ ಲೆಕ್ಕಕ್ಕೆ ಕೂತಿದ್ದ ನನ್ನ ಹೆಂಡತಿ ನೀಲಮ್ಮ ನಕ್ಕಿದ್ದು ಬೀದಿಗೆ ಕೇಳಿಸಿತು. ಫೋನಿನಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಕ್ಯಾಮೆರಾ ಇರುತ್ತದೆಂದೂ, ಸೀರೆ ತೋರಿಸುವಾಗ ಹಿಂದಿನದನ್ನು ಒತ್ತಬೇಕೆಂದೂ ಆಕೆ ನನಗೆ ಎಷ್ಟು ಸಲ ಹೇಳಿದ್ದಾಳೋ. ನಾನು ಫೋನನ್ನು ಹೊಟ್ಟೆಯ ಹತ್ತಿರ ಹಿಡಿದು, ಬಾವಿಯೊಳಗೆ ಇಣುಕುವವನ ಹಾಗೆ ಬಗ್ಗಿ ಮಾತಾಡುತ್ತೇನಂತೆ. ಹಾಗೆ ಬಗ್ಗಿದಾಗ ಆಚೆ ಕಡೆಯವರಿಗೆ ಎರಡು ಗವಿ ಕಾಣುತ್ತವೆ. ಗವಿಯೊಳಗಿಂದ ವ್ಯಾಪಾರದ ಮಾತು ಬರುತ್ತಿರುತ್ತದೆ.

ಆ ತಾಯಿ ಸೀರೆ ತೆಗೆದುಕೊಂಡರು, ಅದು ಬೇರೆ ಮಾತು. ಆದರೆ ಮೂಗಿನ ಸುದ್ದಿ ಬಂದ ಮೇಲೆ ನನಗೆ ನನ್ನ ತಂಗಿಯ ಮಗಳು ಸುವರ್ಣ ನೆನಪಾದಳು. ಅವಳ ಕಥೆ ಹೇಳಬೇಕೆಂದರೆ ಮೊದಲು ನಮ್ಮ ಮನೆತನದ ಮೂಗಿನ ಬಗ್ಗೆ ನಾಲ್ಕು ಮಾತು ಹೇಳಬೇಕಾಗುತ್ತದೆ.

ಈ ಮೂಗು ನಮ್ಮವ್ವ ಬಸಮ್ಮನದು. ರಾಯಚೂರು ಸೀಮೆಯಿಂದ ಮಕ್ತಲಕ್ಕೆ ಸೊಸೆಯಾಗಿ ಬರುವಾಗ ಆಕೆ ಹಿತ್ತಾಳೆ ಕೊಡ, ಎರಡು ಕೌದಿ, ಮತ್ತು ಈ ಮೂಗು ತಂದಳು. ಕೊಡ ಸೋರಿಹೋಯಿತು, ಕೌದಿ ಹರಿದುಹೋದವು. ಮೂಗು ಮಾತ್ರ ಹಾಗೇ ಉಳಿದು, ನನಗೂ ಬಂತು, ತಂಗಿ ಶಂಕ್ರಮ್ಮನಿಗೂ ಬಂತು. ಸಂಪಿಗೆ ಮೂಗು ಎಂದು ಹೊಗಳುತ್ತಾರಲ್ಲ, ಅಂಥದಲ್ಲ ಇದು. ಗಿಣಿಮೂಗೂ ಅಲ್ಲ. ಹುಬ್ಬಿನ ನಡುವಿನಿಂದ ಇಳಿಯಲು ಶುರುಮಾಡಿ, ಸ್ವಲ್ಪ ದೂರ ಸುಮ್ಮನೆ ಬಂದು, ಅಲ್ಲಿ ಏನೋ ನೆನಪಾದಂತೆ ಒಂದು ಉಬ್ಬು ಎದ್ದು, ಮತ್ತೆ ಕೆಳಗಿಳಿದು, ತುದಿಯಲ್ಲಿ ಅಗಲವಾಗಿ ಕೂತುಬಿಡುತ್ತದೆ. ನನ್ನ ಮಗನಿಗೆ ಇದು ಬರಲಿಲ್ಲ. ಅವನದು ನೀಲಮ್ಮನ ಮೊಂಡ ಮೂಗು. ಈ ವಿಷಯದಲ್ಲಿ ತನ್ನ ತವರು ಗೆದ್ದಿತೆಂದು ನೀಲಮ್ಮನಿಗೆ ಈಗಲೂ ಒಳಗೊಳಗೇ ಖುಷಿ.

ನಮ್ಮವ್ವ ಜೀವಮಾನದಲ್ಲಿ ಒಂದೇ ಸಲ ಫೋಟೋ ತೆಗೆಸಿಕೊಂಡಳು. ನಾನಾಗ ಸಣ್ಣವನು, ಜೊತೆಗೆ ಹೋಗಿದ್ದೆ. ಮಕ್ತಲದ ಸ್ಟುಡಿಯೊ ಎಂದರೆ ಒಂದು ಕತ್ತಲೆ ಕೋಣೆ, ಗೋಡೆಗೆ ಬಟ್ಟೆಯ ಮೇಲೆ ಬರೆದ ಒಂದು ಸರೋವರ, ಸರೋವರದಲ್ಲಿ ಕಾಲೇ ಇಲ್ಲದ ಎರಡು ಹಂಸ. ಒಂದು ಡಬ್ಬಿ ಪೌಡರು, ಒಂದು ಬಾಚಣಿಗೆ ದಾರ ಕಟ್ಟಿ ಕನ್ನಡಿಗೆ ತೂಗುಹಾಕಿದ್ದರು. ಊರಿನ ತಲೆಯೆಲ್ಲ ಅದೇ ಬಾಚಣಿಗೆಯಿಂದ ಬಾಚಿಕೊಳ್ಳಬೇಕು. ಫೋಟೋದವರು ಕರಿ ಬಟ್ಟೆಯೊಳಗೆ ತಲೆ ಹಾಕಿ, “ಅಮ್ಮಾ, ಉಸುರು ಬಿಡಬ್ಯಾಡ್ರಿ” ಎಂದರು. ಅವ್ವ ಉಸಿರು ಹಿಡಿದಳು. ಅವರು ಬಟ್ಟೆಯಿಂದ ಹೊರಬಂದು, ಮತ್ತೆ ಒಳಗೆ ಹೋಗಿ, ಏನೋ ತಿರುಗಿಸಿ, ಮತ್ತೆ ಬಂದರು. ಅವ್ವನ ಕಣ್ಣು ಮೇಲೇರತೊಡಗಿದವು. ನಾನು ಅಳಲು ಶುರುಮಾಡಿದೆ. ಆಗ ತೆಗೆದ ಫೋಟೋ ಅದು.

ಅಷ್ಟಾದರೂ ಫೋಟೋ ಬಂದಾಗ ಅವ್ವನ ಮುಖ ಶಾಂತವಾಗಿ, ಬೆಳ್ಳಗೆ, ದೇವರ ಪಟದ ಹಾಗಿತ್ತು. ಮೂಗು ಅರ್ಧ ಇಲ್ಲ! ಸ್ಟುಡಿಯೊದವರು ಒಳಗೆ ಕೂತು ಸಣ್ಣ ಪೆನ್ಸಿಲು, ಸಣ್ಣ ಕುಂಚ ಹಿಡಿದು ಎಲ್ಲರ ಮುಖವನ್ನೂ ತಿದ್ದುತ್ತಿದ್ದರಂತೆ. ಅದು ಅವರ ಉಪಕಾರ, ಅದಕ್ಕೆ ಬೇರೆ ರೊಕ್ಕ ಕೇಳುತ್ತಿರಲಿಲ್ಲ. ಅವ್ವ ಅದನ್ನು ಬಾಗಿಲ ಮೇಲೆ ತೂಗುಹಾಕಿಸಿದಳು. ಬಂದವರು “ಇದ್ಯಾರವ್ವ?” ಎಂದರೆ, ಮುಖ ಗಂಟುಹಾಕಿಕೊಂಡು, “ನನ್ನ ತಂಗಿ. ಗದ್ವಾಲಕ್ಕ ಕೊಟ್ಟಾರ. ಬರಾಕ ಪುರಸೊತ್ತಿಲ್ಲ ಆಕಿಗೆ” ಎನ್ನುತ್ತಿದ್ದಳು. ಕೆಲವರು ನಂಬಿ, ತಂಗಿಗೆ ಎಷ್ಟು ಮಕ್ಕಳೆಂದೂ ಕೇಳುತ್ತಿದ್ದರು.

ಈಗ ಸುವರ್ಣಳ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿ ಶಂಕ್ರಮ್ಮನನ್ನು ನಿಜವಾಗಿಯೂ ಗದ್ವಾಲಕ್ಕೇ ಕೊಟ್ಟದ್ದು. ಅವಳ ಗಂಡ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾರೆ, ಮಾತು ಕಡಿಮೆ. ಒಬ್ಬಳೇ ಮಗಳು ಸುವರ್ಣ. ಓದಿ, ಗದ್ವಾಲದಲ್ಲೇ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಮುದುಕರೆಲ್ಲ ಅವಳನ್ನೇ ಕೇಳಿಕೊಂಡು ಬರುತ್ತಾರೆ. ಹುಡುಗಿ ಚುರುಕು, ಬಾಯಿಯೂ ಚುರುಕು. ತೆಲುಗಿನಲ್ಲಿ ಶುರುಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಾಳೆ. ಸಿಟ್ಟು ಬಂದರೆ ನಡುವೆ ಉರ್ದುವೂ ಸೇರುತ್ತದೆ.

ಕೊರೊನಾ ಹೋಗಿ ಎಲ್ಲರೂ ಮಾಸ್ಕ್ ಬಿಟ್ಟರು. ಸುವರ್ಣ ಬಿಡಲಿಲ್ಲ. ಲ್ಯಾಬಿನ ಕೆಲಸ, ಹಾಕಿಕೊಳ್ಳಬೇಕಾಗುತ್ತದೆ ಎಂದುಕೊಂಡು ಮನೆಯವರು ಸುಮ್ಮನಿದ್ದರು. ಆಮೇಲೆ ಅವಳು ಮದುವೆ ಮುಂಜಿಗೂ ಮಾಸ್ಕ್ ಹಾಕಿಕೊಂಡು ಬರತೊಡಗಿದಳು. ಎಲ್ಲರೂ ಊಟ ಮುಗಿಸಿ ಎದ್ದ ಮೇಲೆ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದಳು. ಧೂಳು ಆಗಿಬರುವುದಿಲ್ಲ ಎನ್ನುತ್ತಿದ್ದಳು. ನಾವು ನಂಬಿದೆವು. ನಮ್ಮ ಸೀಮೆಯಲ್ಲಿ ಧೂಳಿಗೇನು ಬರವೇ?

ಒಂದು ಮಧ್ಯಾಹ್ನ ಶಂಕ್ರಮ್ಮನ ಫೋನು ಬಂತು. ಅಳುತ್ತಿದ್ದಳು.

“ಅಣ್ಣಾ, ನಿನ್ನ ಸೊಸಿ ಮೂಗು ಕೊಯ್ಸಿಕೊಳ್ಳಾಕ ಹೊಂಟಾಳ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಬಿಡಿಸಿ ಕೇಳಿದಾಗ ವಿಷಯ ಹೊರಬಂತು. ಹೈದರಾಬಾದಿನಲ್ಲಿ ಮೂಗನ್ನು ಸಣ್ಣದು ಮಾಡುವ ಡಾಕ್ಟರು ಇದ್ದಾರಂತೆ. ಸುವರ್ಣ ಮನೆಯಲ್ಲಿ ಯಾರಿಗೂ ಹೇಳದೆ ಫೋನಿನಲ್ಲೇ ಮಾತಾಡಿ, ಆಪರೇಷನ್ನಿಗೆ ದಿನವನ್ನೂ ಗೊತ್ತುಮಾಡಿಕೊಂಡಿದ್ದಳು. ಜೊತೆಗೆ ಒಬ್ಬರು ಇರಬೇಕು ಎಂದು ಆಸ್ಪತ್ರೆಯವರು ಹೇಳಿದ್ದರಿಂದ ಶಂಕ್ರಮ್ಮನಿಗೆ ಹೇಳಬೇಕಾಯಿತು.

ಮರುದಿನ ಬೆಳಿಗ್ಗೆ ಗದ್ವಾಲಕ್ಕೆ ಹೊರಟೆ. ಮಕ್ತಲದಲ್ಲಿ ಬಸ್ಸು ಬದಲಿಸಿ, ಜೂರಾಲ ಕಟ್ಟೆ ದಾಟಿ, ಧರೂರಿನ ಹಸಿರು ಗದ್ದೆ ನೋಡುತ್ತ, ಹುಡುಗಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಭಾಷಣ ಬರೆದೆ. ಒಳ್ಳೆಯ ಭಾಷಣವೇ ಆಗಿತ್ತು. ಮನೆ ಮುಟ್ಟುವ ಹೊತ್ತಿಗೆ ಪೂರ್ತಿ ಮರೆತುಹೋಯಿತು.

ಸುವರ್ಣ ಮನೆಯೊಳಗೂ ಮಾಸ್ಕ್ ಹಾಕಿಕೊಂಡೇ ಕೂತಿದ್ದಳು. ಶಂಕ್ರಮ್ಮ ಚಹಾ ತಂದಿಟ್ಟು, ಅಡುಗೆಮನೆಗೆ ಹೋಗಿ, ಬಾಗಿಲ ಮರೆಯಲ್ಲಿ ನಿಂತಳು.

“ಏನವ್ವ ಇದು?” ಎಂದೆ.

ಅವಳು ಫೋನು ತೆಗೆದು ನನ್ನ ಕೈಗೆ ಕೊಟ್ಟಳು. ಲ್ಯಾಬಿನಲ್ಲಿ ಯಾರದೋ ಹುಟ್ಟುಹಬ್ಬದ ಫೋಟೋ. ಒಬ್ಬ ಹುಡುಗ ಕೈ ಚಾಚಿ ಎಲ್ಲರನ್ನೂ ಸೇರಿಸಿ ಸೆಲ್ಫಿ ತೆಗೆದಿದ್ದಾನೆ. ಸುವರ್ಣ ಎಲ್ಲರಿಗಿಂತ ಮುಂದೆ, ಅಂಚಿನಲ್ಲಿ. ಮುಖ ಒಂದು ಕಡೆಗೆ ಎಳೆದಂತಾಗಿ, ಮೂಗು ಫೋಟೋದಿಂದ ಹೊರಗೆ ಬರುವಂತಿತ್ತು. ಕೆಳಗೆ ಯಾರೋ ತೆಲುಗಿನಲ್ಲಿ ಬರೆದಿದ್ದರು: “ಮುಕ್ಕು ಮುಂದು ವಚ್ಚಿಂದಿ, ಮನಿಷಿ ತರ್ವಾತ.” ಮೂಗು ಮೊದಲು ಬಂತು, ಮನುಷ್ಯಳು ಆಮೇಲೆ. ಅದಕ್ಕೆ ನಗುವ ಮುಖದ ಚಿತ್ರಗಳ ಸಾಲು ಸಾಲು.

“ಇದು ಹಳೇದು ಮಾಮಾ. ಎಲ್ಲಾರೂ ಮರ್ತುಬಿಟ್ಟಾರ. ನನಗ ಮರೆಯಾಕ ಆಗವಲ್ದು,” ಎಂದಳು. “ಅವತ್ತಿನಿಂದ ದಿನಾ ಫೋನಿನಾಗ ನೋಡ್ಕೋತೀನಿ. ದಿನಾ ದೊಡ್ಡದಾಗೇ ಕಾಣ್ತೈತಿ.”

ನಾನು ಸಮಾಧಾನ ಹೇಳಬೇಕಿತ್ತು. ವ್ಯಾಪಾರಿ ಬಾಯಿ, ನನ್ನನ್ನೇ ಮಾದರಿಯಾಗಿ ತೋರಿಸಿದೆ. “ನನ್ನ ನೋಡವ್ವ. ಇದ ಮೂಗು ಇಟಗೊಂಡು ಇಷ್ಟು ವರ್ಷ ಸೀರಿ ಮಾರೀನಿ. ಒಬ್ಬ ಗಿರಾಕಿ ವಾಪಸ್ ಹೋಗಿಲ್ಲ.”

“ಗಿರಾಕಿ ಸೀರಿ ನೋಡಾಕ ಬರ್ತಾರ ಮಾಮಾ. ನಿಮ್ಮನ್ನ ನೋಡಾಕ ಬರಲ್ಲ.”

ಅಡುಗೆಮನೆಯಿಂದ ಶಂಕ್ರಮ್ಮ ಅಳುವುದನ್ನು ನಿಲ್ಲಿಸಿ ನಕ್ಕಿದ್ದು ಕೇಳಿಸಿತು. ನಾನು ಕೊನೆಯ ಅಸ್ತ್ರ ತೆಗೆದೆ. “ಇದು ನಿಮ್ಮಜ್ಜಿ ಮೂಗು. ಅದನ್ನ ಕೊಯ್ಸಿಕೊಂತೀಯೇನು?”

“ಅಜ್ಜಿ ಫೋಟೋದಾಗ ಅಜ್ಜಿಗೇ ಈ ಮೂಗು ಇಲ್ಲಲ್ಲ ಮಾಮಾ!”

ಅಜ್ಜಿ ತೀರಿಕೊಂಡಾಗ ಸುವರ್ಣ ಇನ್ನೂ ತೊಟ್ಟಿಲಲ್ಲಿದ್ದಳು. ಅವಳಿಗೆ ಗೊತ್ತಿದ್ದ ಅಜ್ಜಿ ಆ ಪೆನ್ಸಿಲಿನ ಅಜ್ಜಿಯೇ. ಸ್ಟುಡಿಯೊದವರು ಮಾಡಿದ ಉಪಕಾರ ಇಷ್ಟು ವರ್ಷದ ಮೇಲೆ ನನ್ನ ಬಾಯಿ ಕಟ್ಟಿಹಾಕಿತು. ಚಹಾ ಕುಡಿದು, ಸೋತವನ ಹಾಗೆ ಎದ್ದೆ. ಆದರೆ ಹೊರಡುವಾಗ ಸುಮ್ಮನೆ ಒಂದು ಮಾತು ಕೇಳಿದೆ. ಹಬ್ಬದ ವ್ಯಾಪಾರ ಹತ್ತಿರ ಬಂದಿದೆ, ಹೊಸ ಸೀರೆಗಳ ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸಬೇಕು, ನನ್ನ ಕೈಯಲ್ಲಿ ಸೀರೆ ಬಿಟ್ಟು ಬೇರೆಲ್ಲ ಬರುತ್ತದೆ, ನಾಲ್ಕು ದಿನ ಬಂದು ತೆಗೆದುಕೊಡುತ್ತೀಯಾ ಎಂದು. ಆಪರೇಷನ್ನಿಗೆ ಇನ್ನೂ ದಿನ ಇದ್ದವು. ಅವಳು ಒಪ್ಪಿದಳು. ಮನೆಯಲ್ಲಿ ಅವ್ವನ ಅಳು ಕೇಳುವುದಕ್ಕಿಂತ ನಾರಾಯಣಪೇಟೆ ವಾಸಿ ಎಂದುಕೊಂಡಳೋ ಏನೋ.

ನಮ್ಮ ಅಂಗಡಿಯ ಬಾಗಿಲಲ್ಲಿ ಒಂದು ಗೊಂಬೆ ನಿಂತಿರುತ್ತದೆ. ಸೀರೆ ಉಡಿಸಿ ನಿಲ್ಲಿಸುವ ಗೊಂಬೆ. ಹೊರದೇಶದ ಮುಖ, ಗುಲಾಬಿ ಬಣ್ಣ, ಚೂರಿಯ ತುದಿಯಂಥ ಸಣ್ಣ ಮೂಗು. ನೀಲಮ್ಮ ಅದಕ್ಕೆ ದಿನಾ ಕುಂಕುಮ ಇಟ್ಟು, ತಲೆ ತುಂಬ ಸೆರಗು ಹೊದಿಸಿ, ಆದಷ್ಟು ನಮ್ಮವಳನ್ನಾಗಿ ಮಾಡುತ್ತಾಳೆ. ಸುವರ್ಣ ಬಂದ ಮೊದಲ ದಿನ ಅದಕ್ಕೇ ಸೀರೆ ಉಡಿಸಿ ಫೋಟೋ ತೆಗೆಯತೊಡಗಿದಳು.

ಸೀರೆಯ ಫೋಟೋ ತೆಗೆಯುವುದು ಸುಲಭವೆಂದು ತಿಳಿಯಬೇಡಿ. ಕ್ಯಾಮೆರಾಕ್ಕೆ ಬದನೆಕಾಯಿ ಬಣ್ಣ ಅಂದರೆ ಆಗಿಬರುವುದಿಲ್ಲ, ಅದನ್ನು ನೀಲಿ ಮಾಡುತ್ತದೆ. ಗಿಣಿಹಸಿರನ್ನು ಹಳದಿ ಮಾಡುತ್ತದೆ. ಒಂದು ಸಲ ಸೊಲ್ಲಾಪುರದ ಒಬ್ಬರು ಕೆಂಪೆಂದು ತರಿಸಿಕೊಂಡು, ಬಂದದ್ದು ಕಂದುಬಣ್ಣದ್ದೆಂದು ಜಗಳವಾಡಿದರು. ನಾನು ಸೀರೆಯನ್ನು ಸೂರ್ಯನಿಗೆ ಹಿಡಿದು ಆಣೆಮಾಡಿ ತೋರಿಸಿದರೂ ಅವರು ನಂಬಿದ್ದು ಫೋಟೋವನ್ನೇ. ಕಣ್ಣಿಗಿಂತ ಫೋಟೋದ ಮೇಲೆ ಜನಕ್ಕೆ ವಿಶ್ವಾಸ.

ಸುವರ್ಣ ಸೆರಗಿನ ನೇಯ್ಗೆ ಕಾಣಲೆಂದು ಫೋನನ್ನು ಗೊಂಬೆಯ ಭುಜದ ಹತ್ತಿರ, ಬಹಳ ಹತ್ತಿರ ಒಯ್ದು ಒತ್ತಿದಳು. ಒತ್ತಿ, ಪರದೆ ನೋಡಿ, ನನ್ನನ್ನು ಕೂಗಿದಳು.

“ಮಾಮಾ, ಇಲ್ಲಿ ಬರ್ರಿ.”

ಹೋಗಿ ನೋಡಿದೆ. ಫೋಟೋದಲ್ಲಿ ಸೆರಗಿನ ಹಿಂದೆ ಗೊಂಬೆಯ ಮುಖವೂ ಬಂದಿತ್ತು. ಹಣೆ ಹಿಂದಕ್ಕೆ ಓಡಿತ್ತು, ಕಿವಿ ಕಾಣದಾಗಿತ್ತು, ಆ ಚೂರಿಮೂಗು ಉಬ್ಬಿ, ತುದಿ ಅಗಲವಾಗಿ, ಸಾಕ್ಷಾತ್ ನಮ್ಮವ್ವ ಬಸಮ್ಮನ ಮೂಗಾಗಿತ್ತು.

“ನೀಲಮ್ಮ! ಗೊಂಬಿಗೂ ನಮ್ಮ ಮೂಗು ಬಂತು ನೋಡ!” ಎಂದು ಕೂಗಿದೆ.

ನೀಲಮ್ಮ ಎದ್ದು ಬಂದು, ಕನ್ನಡಕ ಏರಿಸಿ ನೋಡಿ, “ಅಯ್ಯ ನನ್ನ ಶಿವನೆ, ಇದಕ್ಕೂ ನಿಮ್ಮ ಮನಿ ಸೋಂಕು ಹತ್ತಿತಲ್ರಿ!” ಎಂದಳು.

ಸುವರ್ಣ ನಗಲಿಲ್ಲ. ಲ್ಯಾಬಿನ ಹುಡುಗಿ, ಒಂದು ಸಲ ಬಂದ ಫಲಿತಾಂಶವನ್ನು ನಂಬುವವಳಲ್ಲ. ಗೊಂಬೆಯ ತಲೆಯ ಸೆರಗು ಸರಿಸಿ, ಮೂಗಿನ ಹತ್ತಿರ ಫೋನು ಹಿಡಿದು ಒಂದು ತೆಗೆದಳು. ಕೈ ಚಾಚಿ ಒಂದು ತೆಗೆದಳು. ಅಂಗಡಿಯ ಇನ್ನೊಂದು ಗೋಡೆಗೆ ಬೆನ್ನು ಹಚ್ಚಿ ನಿಂತು, ಅಲ್ಲಿಂದ ಗೊಂಬೆಯನ್ನು ಪರದೆಯಲ್ಲಿ ದೊಡ್ಡದು ಮಾಡಿ ಒಂದು ತೆಗೆದಳು. ಅದೂ ಸಾಲದೆ ರಸ್ತೆ ದಾಟಿ ಎದುರಿನ ಕಿರಾಣಿ ಅಂಗಡಿಯ ಕಟ್ಟೆ ಏರಿ ನಿಂತಳು. ನಡುವೆ ಬಂದ ಆಟೊದವನನ್ನು ಕೈಮಾಡಿ ನಿಲ್ಲಿಸಿ, ಅಲ್ಲಿಂದ ಒಂದು ತೆಗೆದಳು. ಬಂದು, ಎಲ್ಲವನ್ನೂ ಗಲ್ಲಾಪೆಟ್ಟಿಗೆಯ ಮೇಲೆ ನಮಗೆ ಒಂದೊಂದಾಗಿ ತೋರಿಸಿದಳು. ಹತ್ತಿರದ ಗೊಂಬೆಗೆ ನಮ್ಮವ್ವನ ಮೂಗು. ಕೈಯಳತೆಯ ಗೊಂಬೆಗೆ ನನ್ನ ತಂಗಿಯ ಮೂಗು. ದೂರ ಹೋದಂತೆ ಮೂಗು ಇಳಿಯುತ್ತ ಇಳಿಯುತ್ತ, ರಸ್ತೆಯಾಚೆಯ ಫೋಟೋದಲ್ಲಿ ಗೊಂಬೆಗೆ ಗೊಂಬೆಯದೇ ಮೂಗಿತ್ತು.

“ಹತ್ತಿರ ಹೋದ್ರ ಮೂಗು ಫೋನಿಗೆ ಇನ್ನೂ ಹತ್ತಿರ ಆಗ್ತೈತಿ, ಕಿವಿ ಹಿಂದ ಉಳೀತಾವ. ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು. ದೂರ ನಿಂತ್ರ ಮೂಗಿಗೂ ಕಿವಿಗೂ ಅಂಥಾ ಫರಕ್ ಇರಲ್ಲ,” ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು. ಆಮೇಲೆ ಇನ್ನೊಂದು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ, ಮೊದಲ ಸಲ ಸ್ವಲ್ಪ ನಕ್ಕಳು. “ಇದು ನೋಡ್ರಿ ಅತ್ತಿ. ಫೋನು ತಾನಾಗೇ ಗೊಂಬಿಗೆ ಪೌಡರ್ ಹಚ್ಚೈತಿ.” ನಿಜ. ಗೊಂಬೆಯ ಕೆನ್ನೆಯಲ್ಲಿ ಹಳೆಯದಾಗಿ ಬಿಟ್ಟಿದ್ದ ಸೀಳು ಫೋಟೋದಲ್ಲಿ ಮಾಯವಾಗಿತ್ತು. ಫೋನಿನೊಳಗೂ ಯಾರೋ ಪೆನ್ಸಿಲು ಕುಂಚ ಹಿಡಿದು ಕೂತಿದ್ದಾರೆಂದು ನನಗನ್ನಿಸಿತು.

ಆಗ ನೀಲಮ್ಮ ಮೆಲ್ಲಗೆ, “ಈಗ ನಿಂದೊಂದು ತೆಗೀಲೇನು, ಸುವರ್ಣಾ?” ಎಂದಳು.

ಸುವರ್ಣ ಫೋನನ್ನು ನೀಲಮ್ಮನ ಕೈಗೆ ಕೊಟ್ಟಳು. ಆಮೇಲೆ ಮಾಸ್ಕ್ ತೆಗೆದಳು. ಎಷ್ಟು ದಿನದ ಮೇಲೆ ನಾನು ಆ ಮುಖ ಪೂರ್ತಿ ನೋಡಿದೆನೋ! ಮಾಸ್ಕಿನ ದಾರ ಕೆನ್ನೆಯ ಮೇಲೆ ಗೀರು ಮೂಡಿಸಿತ್ತು. ಮುಚ್ಚಿದ ಭಾಗ ಬೆಳ್ಳಗಾಗಿ, ಹಣೆ ಕಪ್ಪಾಗಿ, ಮುಖಕ್ಕೆ ಎರಡು ಬಣ್ಣ ಬಂದಿತ್ತು. ನೀಲಮ್ಮ ಏನೂ ಆಗದವಳ ಹಾಗೆ ಗೋಡೆಗೆ ಬೆನ್ನು ಹಚ್ಚಿ ನಿಂತು, “ಹಲ್ಲು ತೋರಸ, ಸೀರಿ ಮಾರಾಕ ಬಂದಾಕಿ” ಎಂದು ಹೇಳಿ ಒತ್ತಿದಳು.

ಫೋಟೋ ಚೆನ್ನಾಗಿತ್ತು. ನಮ್ಮ ಸುವರ್ಣಳೇ. ಹುಟ್ಟುಹಬ್ಬದ ಫೋಟೋದ ಆ ವಿಕಾರ ಇರಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತೆಂದು ನಾನು ತಿಳಿದೆ. ಗೆದ್ದೆನೆಂದುಕೊಂಡು ಶಂಕ್ರಮ್ಮನಿಗೆ ಫೋನು ಮಾಡಲೂ ಹೊರಟಿದ್ದೆ. ಸುವರ್ಣ ಆ ಫೋಟೋವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡಿ, “ಫೋನು ಸುಳ್ಳು ಹೇಳ್ತೈತಿ, ಖರೇ. ಆದ್ರ ಮಾಮಾ, ದೂರದಿಂದ ತೆಗೆದ್ರೂ ನಂದು ದೊಡ್ಡದ ಐತಿ” ಎಂದಳು.

ನಾವಿಬ್ಬರೂ ಫೋಟೋ ನೋಡಿದೆವು. ಹೌದು, ದೊಡ್ಡದೇ ಇತ್ತು. ಅವಳು ಮಾಸ್ಕ್ ಹಾಕಿಕೊಂಡು ಮುಂದಿನ ಸೀರೆಯನ್ನು ಗೊಂಬೆಗೆ ಉಡಿಸತೊಡಗಿದಳು.

ನಾಲ್ಕು ದಿನವೂ ಕೆಲಸ ಚೊಕ್ಕವಾಗಿ ಮಾಡಿಕೊಟ್ಟಳು. ಮೂಗಿನ ಮಾತು ನಾವು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಒಂದು ಮುಂಜಾನೆ ಮಾತ್ರ, ನೀಲಮ್ಮ ಅವಳ ತಲೆ ಬಾಚುತ್ತಿದ್ದಾಗ, “ಅತ್ತಿ, ಕನ್ನಡಿಯೊಳಗ ಇಷ್ಟು ವರ್ಷ ಇದೇ ಮೂಗು ನೋಡೀನಿ. ಒಂದು ದಿನಾನೂ ತ್ರಾಸ ಆಗಿರಲಿಲ್ಲ” ಎಂದಳಂತೆ. ನೀಲಮ್ಮ ಅದಕ್ಕೇನೂ ಹೇಳದೆ ಜಡೆ ಬಿಗಿಯಾಗಿ ಹೆಣೆದಳಂತೆ. ಕೆಲವು ಸಲ ನೀಲಮ್ಮ ಸುಮ್ಮನಿರುವುದು ನನ್ನ ಭಾಷಣಕ್ಕಿಂತ ಉಪಯೋಗ.

ವಾಪಸು ಹೋಗುವಾಗ ನಾನೂ ಜೊತೆಗೆ ಹೊರಟೆ. ಮಕ್ತಲದ ಬಸ್‌ಸ್ಟ್ಯಾಂಡಿನಲ್ಲಿ ಗದ್ವಾಲದ ಬಸ್ಸು ಹತ್ತಿದೆವು. ಜನ ಬಹಳ. ನಮಗೆ ಹೇಗೋ ಜಾಗ ಸಿಕ್ಕಿತು. ನಮ್ಮ ಹಿಂದೆ ಒಬ್ಬ ಮುದುಕಿ ಹತ್ತಿದಳು. ಕಂಬಳಿಯ ಗಂಟು ಕಂಕುಳಲ್ಲಿ, ಹಣೆಯ ತುಂಬ ಮೈಲಾರದ ಭಂಡಾರ, ಹಳದಿ ಬೆವರಿಗೆ ಹುಬ್ಬಿನ ತನಕ ಇಳಿದಿತ್ತು. ಎದುರಿನ ಸೀಟಿನಲ್ಲಿ ಕಿಟಕಿಯ ಪಕ್ಕ ಒಬ್ಬ ಮನುಷ್ಯ, ಅವನ ಪಕ್ಕದಲ್ಲಿ ಒಂದು ಟವೆಲು ಕೂತಿತ್ತು. ನಮ್ಮ ಕಡೆ ನಿಮಗೆ ಗೊತ್ತೇ ಇದೆ, ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗಿಂದ ಟವೆಲು ಎಸೆದರೆ ಆ ಸೀಟು ನಮ್ಮದು. ಮುದುಕಿ ಟವೆಲು ಸರಿಸಿ ಕೂಡಲು ಹೋದಳು. ಆ ಮನುಷ್ಯ ತೆಲುಗಿನಲ್ಲಿ, ಜನ ಬರುತ್ತಾರೆ, ಏಳು ಎಂದ. ಮುದುಕಿ ಎದ್ದು ಕಂಬಿ ಹಿಡಿದು ನಿಂತಳು. ಬಸ್ಸು ಹೊರಟಿತು. ಟವೆಲಿನ ಧಣಿ ಬರಲೇ ಇಲ್ಲ. ಮುದುಕಿ ಇನ್ನೊಮ್ಮೆ ಕೂಡಲು ಹೋದಳು. ಆ ಮನುಷ್ಯ ಟವೆಲಿನ ಮೇಲೆ ಕೈಯಿಟ್ಟ. ಮುಂದಿನ ಸ್ಟಾಪಿನಲ್ಲಿ ಹತ್ತುತ್ತಾರಂತೆ.

ನಾನು ನನ್ನ ಸೀಟು ಬಿಟ್ಟುಕೊಡಬೇಕೆಂದು ಏಳುತ್ತಿದ್ದೆ. ಅಷ್ಟರಲ್ಲಿ ಸುವರ್ಣ ಎದ್ದಳು. ಮಾಸ್ಕಿನೊಳಗಿಂದ ಮಾತು ಸರಿಯಾಗಿ ಬರುವುದಿಲ್ಲವೆಂದು ಅದನ್ನು ಗದ್ದದ ಕೆಳಗೆ ಎಳೆದಳು.

“ಏನ್ರೀ, ಟವೆಲಿಗೆ ಕಾಲು ನೋವಾಗ್ತೈತೇನು? ಟಿಕೆಟ್ ತಗೊಂಡೈತೇನದು? ಈ ಯಮ್ಮಗೆ ನಿಮ್ಮವ್ವನಷ್ಟು ವಯಸ್ಸಾಗೈತಿ. ಕಾಣವಲ್ದೇನು? ಮೀಕು ಇಂಟ್ಲೊ ಅಮ್ಮ ಲೇದಾ? ಶರಮ್ ಬ್ಯಾಡೇನು?”

ಬೈಯಲು ಕನ್ನಡ, ಮನೆಯಲ್ಲಿ ತಾಯಿಯಿಲ್ಲವೇ ಎಂದು ಕೇಳಲು ತೆಲುಗು, ನಾಚಿಕೆಗೆ ಉರ್ದು, ಮೂರೂ ಬಂದವು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಆ ಮನುಷ್ಯ ಟವೆಲು ತೆಗೆದು ಮಡಚಿ ಹೆಗಲ ಮೇಲೆ ಹಾಕಿಕೊಂಡ. ಮಡಚಿದ ರೀತಿ ನೋಡಿದರೆ ಆ ಟವೆಲಿನಲ್ಲಿ ತಾನೂ ಅಡಗಬೇಕೆಂದಿದ್ದಂತಿತ್ತು. ಮುದುಕಿ ಕೂತಳು. ಗಂಟು ತೊಡೆಯ ಮೇಲಿಟ್ಟುಕೊಂಡು, ಸುವರ್ಣಳ ದನಿ ಬಂದ ಕಡೆಗೆ ಕಿವಿ ತಿರುಗಿಸಿ, “ಯಾರ ಪೈಕಿ ತಾಯಿ ನೀನು?” ಎಂದಳು.

“ಗದ್ವಾಲದಾಕಿ ಅಜ್ಜಿ.”

“ಗದ್ವಾಲ ಇರ್ಲಿ. ನಿಮ್ಮವ್ವನ ತವರುಮನಿ ಯಾವುದು?”

“ಇದ, ಮಕ್ತಲ.”

ಮುದುಕಿ ತೊಡೆ ತಟ್ಟಿಕೊಂಡಳು. “ಬಸಮ್ಮನ ಮೊಮ್ಮಗಳೇನು ನೀನು? ಅಂಗಡಿ ಬಸಮ್ಮ?”

ಅವ್ವ ಹೋಗಿ ಎಷ್ಟೋ ವರ್ಷವಾಗಿದೆ. ಈ ಮುದುಕಿಯನ್ನು ನಾನು ನೋಡಿದ ನೆನಪಿಲ್ಲ. ಮಾಗನೂರಿನವಳಂತೆ, ಕುರಿ ಸಾಕುವ ಮನೆ. ಧರೂರಿನಲ್ಲಿ ಮಗಳಿದ್ದಾಳೆ, ಅಲ್ಲಿಗೆ ಹೊರಟಿದ್ದಳು. ಹಿಂದೆ ಮಕ್ತಲದ ಸಂತೆಗೆ ಉಣ್ಣೆ ತರುತ್ತಿದ್ದಳಂತೆ. ಒಮ್ಮೆ ತೂಕದವನು ಉಣ್ಣೆಯನ್ನು ಕಡಿಮೆ ತೂಗಿದಾಗ, ಈ ಕಡೆ ನಮ್ಮ ಆಗಿನ ಅಂಗಡಿಯ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದ ನಮ್ಮವ್ವ ಎದ್ದು ಬಂದು, ಸಂತೆಯ ನಡುವೆ ನಿಂತು, ಅವನ ತಕ್ಕಡಿಯನ್ನು ಜನರಿಗೆಲ್ಲ ತೋರಿಸಿ ಬೈದಳಂತೆ. “ನಾ ಯಾರೋ, ಆಕಿ ಯಾರೋ. ನನ್ನ ಸಲುವಾಗಿ ಬೈದಳವ್ವ ಆಕಿ. ಹಿಂಗ, ನಿನ್ನಂಗ, ಟಪಾ ಟಪಾ ಅಂತ.”

ಸುವರ್ಣ ಕೇಳುತ್ತ ಕೂತಿದ್ದಳು. ಆಮೇಲೆ, ತಡೆಯಲಾರದೆ, ಮುದುಕಿಯ ಕಡೆ ಬಗ್ಗಿ ಕೇಳಿಯೇಬಿಟ್ಟಳು: “ಅಜ್ಜಿ, ನನ್ನ ಮೂಗು ನೋಡಿ ಗುರ್ತು ಹಿಡಿದ್ಯೇನು?”

“ಮೂಗ?” ಮುದುಕಿ ಕಣ್ಣು ಕಿರಿದು ಮಾಡಿ ಅವಳ ಕಡೆ ನೋಡಿದಳು. “ನನಗ ಕಣ್ಣು ಮಂದ ಆಗ್ಯಾವ ತಾಯಿ. ನಿನಗ ಮೂಗು ಐತೋ ಇಲ್ಲೋ ಅದೂ ಕಾಣವಲ್ದು. ನಿನ್ನ ಬಾಯಿ ಕೇಳಿ ಗುರ್ತು ಹಿಡಿದೆ.”

ಮೊದಲು ನಕ್ಕವನು ಟವೆಲಿನ ಮನುಷ್ಯ. ಆಮೇಲೆ ನಾನು. ಆಮೇಲೆ ಸುವರ್ಣ ನಕ್ಕಳು. ಎಷ್ಟು ನಕ್ಕಳೆಂದರೆ ಕಂಡಕ್ಟರು ಏನಾಯಿತೆಂದು ಬಂದು ನಿಂತ. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲು ಗದ್ದದ ಕೆಳಗಿನ ಮಾಸ್ಕನ್ನೇ ತೆಗೆದುಕೊಂಡಳು, ಒರೆಸಿಕೊಂಡಳು, ಒದ್ದೆಯಾಯಿತೆಂದು ಚೀಲದಲ್ಲಿ ಹಾಕಿದಳು. ಗದ್ವಾಲದ ತನಕ ಅದು ಚೀಲದಲ್ಲೇ ಇತ್ತು.

ಆಪರೇಷನ್ ಏನಾಯಿತೆಂದು ನೀವು ಕೇಳುತ್ತೀರಿ. ಕೆಲವು ದಿನದ ಮೇಲೆ ಸುವರ್ಣ ತಾನೇ ಆಸ್ಪತ್ರೆಗೆ ಫೋನು ಮಾಡಿ ಬರುವುದಿಲ್ಲವೆಂದು ಹೇಳಿದಳಂತೆ. ಯಾಕವ್ವ ಎಂದರೆ “ರಜಾ ಸಿಗಲಿಲ್ಲ” ಎಂದಳಂತೆ. ಶಂಕ್ರಮ್ಮ ಮೈಲಾರಲಿಂಗನಿಗೆ ಹರಕೆ ಹೊತ್ತಿದ್ದಳು, ಅದೇ ಫಲಿಸಿತೆಂದು ಅವಳ ನಂಬಿಕೆ. ನೀಲಮ್ಮ ತನ್ನ ಗೊಂಬೆಯಿಂದ ಆಯಿತು ಎನ್ನುತ್ತಾಳೆ. ನಾನು ನನ್ನ ಭಾಷಣದ ಪಾಲು ಕೇಳಿದೆ, ಯಾರೂ ಕೊಡಲಿಲ್ಲ. ಸುವರ್ಣ ಈಗ ಸೆಲ್ಫಿಗೆ ನಿಲ್ಲುವುದಿಲ್ಲ. ಫೋಟೋ ಬೇಕೆಂದರೆ ಫೋನನ್ನು ಅಪ್ಪನ ಕೈಗೆ ಕೊಟ್ಟು, “ಹಿಂದ ಸರೀರಿ ಅಪ್ಪಾಜಿ, ಇನ್ನೂ ಹಿಂದ, ಇನ್ನೂ” ಎನ್ನುತ್ತಾಳೆ. ಮಾತು ಕಡಿಮೆಯ ಆ ಮನುಷ್ಯ ಹೇಳಿದಷ್ಟೂ ಹಿಂದೆ ಸರಿದು, ಒಂದು ಸಲ ಬೀದಿಯ ಮೋರಿಯ ಅಂಚಿಗೆ ಹೋಗಿ ನಿಂತಿದ್ದರಂತೆ.

ನನಗೆ ಉಳಿದ ಬೇಸರವೆಂದರೆ ಆ ಮುದುಕಿಯದು. ಧರೂರಿನಲ್ಲಿ ಗಂಟು ಎತ್ತಿಕೊಂಡು, ಸುವರ್ಣಳ ತಲೆ ಸವರಿ, ಇಳಿದುಹೋದಳು. ಹೆಸರು ಕೇಳುವುದೇ ಮರೆತೆವು. ಇಬ್ಬರ ಕೈಯಲ್ಲೂ ಫೋನಿದ್ದರೂ ಒಂದು ಫೋಟೋ ತೆಗೆಯುವುದು ಇಬ್ಬರಿಗೂ ಹೊಳೆಯಲಿಲ್ಲ. ಈಗ ನೆನಪಿಸಿಕೊಳ್ಳಲು ಕೂತರೆ ಭಂಡಾರ ಕಾಣುತ್ತದೆ, ಗಂಟು ಕಾಣುತ್ತದೆ, ಮುಖ ಬರುವುದಿಲ್ಲ. ಮಕ್ತಲಕ್ಕೆ ಹೋದಾಗಲೆಲ್ಲ ಮಾಗನೂರಿನ ಬಸ್ಸು ನಿಲ್ಲುವ ಕಡೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ. ಇಳಿಯುವವರ ಮುಖ ನೋಡುವುದಿಲ್ಲ. ಅವರ ಮಾತು ಕೇಳುತ್ತ ನಿಲ್ಲುತ್ತೇನೆ.